ತಿಪಟೂರಿನ ನರಸಿಂಹರಾಜು: ಕಂಪನಿ ನಾಟಕದಿಂದ ಬೆಳ್ಳಿತೆರೆಗೆ

ಕನ್ನಡ ಚಿತ್ರರಂಗದ ಮೊದಲ ದೊಡ್ಡ ಹಾಸ್ಯನಟ ಟಿ.ಆರ್. ನರಸಿಂಹರಾಜು ಹುಟ್ಟಿದ್ದು 1923ರ ಜುಲೈ 24ರಂದು, ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ಹೆಸರಿನ ಮುಂದಿನ 'ಟಿ' ಊರಿನದು, 'ಆರ್' ತಂದೆ ರಾಮರಾಜು ಅವರದು. 1954ರ 'ಬೇಡರ ಕಣ್ಣಪ್ಪ'ದಿಂದ 1979ರಲ್ಲಿ ತೀರಿಕೊಳ್ಳುವವರೆಗಿನ ಕಾಲು ಶತಮಾನದಲ್ಲಿ ಅವರು 250ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅದಕ್ಕೂ ಮೊದಲು ಸುಮಾರು ಅಷ್ಟೇ ವರ್ಷ ನಾಟಕ ಕಂಪನಿಗಳಲ್ಲಿ ಕಳೆದಿದ್ದರು. ಜನರ ನೆನಪಿನಲ್ಲಿ ಉಳಿದಿರುವುದು ಸಿನಿಮಾದ ಅರ್ಧ. ಆದರೆ ತೆರೆಯ ಮೇಲೆ ಅವರು ಮಾಡಿದ ಪ್ರತಿಯೊಂದು ತಮಾಷೆಯ ಬೇರೂ ರಂಗದ ಅರ್ಧದಲ್ಲಿದೆ.

ತಿಪಟೂರು ಕೊಬ್ಬರಿಯ ಊರು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಕೆಡವಿದ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗಿ ಇಲ್ಲಿನ ಮಾರುಕಟ್ಟೆಗೆ ಬರುತ್ತದೆ. ಕೊಬ್ಬರಿ ಮಾರಿದವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಊರು ನಾಟಕ ಕಂಪನಿಗಳಿಗೂ ಬೇಕಾದ ಊರು. ಜೊತೆಗೆ ರೈಲು ಇತ್ತು. ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ಹಳಿಯ ಮೇಲೆ ಗುಬ್ಬಿ, ತಿಪಟೂರು, ಅರಸೀಕೆರೆ ಒಂದಾದ ಮೇಲೊಂದು ಸಿಗುತ್ತವೆ. ಪರದೆ, ಪೆಟ್ಟಿಗೆ, ಕಿರೀಟ, ಗದೆಗಳನ್ನೆಲ್ಲ ಹೊತ್ತು ಊರಿಂದೂರಿಗೆ ಸಾಗುವ ಕಂಪನಿಗೆ ರೈಲು ಸಿಗುವ ಊರಿನಷ್ಟು ಅನುಕೂಲ ಬೇರೆಲ್ಲೂ ಇರಲಿಲ್ಲ. ನಾಟಕ ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರ ಊರು ಗುಬ್ಬಿ, ನರಸಿಂಹರಾಜು ಅವರದು ತಿಪಟೂರು, ಮುಂದೆ ತೆರೆಯ ಮೇಲೆ ಅವರ ಜೋಡಿಯಾದ ಟಿ.ಎನ್. ಬಾಲಕೃಷ್ಣ ಅವರದು ಅರಸೀಕೆರೆ. ಕನ್ನಡದ ಹಾಸ್ಯಾಭಿನಯದ ಮೂರು ಮುಖ್ಯ ಹೆಸರುಗಳು ಒಂದೇ ರೈಲು ದಾರಿಗೆ ಸೇರಿದವು ಎನ್ನುವುದನ್ನು ಬರೀ ಕಾಕತಾಳೀಯ ಎಂದು ತಳ್ಳಿಹಾಕಬೇಕಿಲ್ಲ.

ಈ ಸೀಮೆಯಲ್ಲಿ ನಾಟಕವೆಂದರೆ ಕಂಪನಿಯವರು ಬಂದು ಆಡಿ ಹೋಗುವುದಷ್ಟೇ ಅಲ್ಲ. ಹಳ್ಳಿಯವರೇ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ತಾಲೀಮು ನಡೆಸಿ, ಬಾಡಿಗೆಗೆ ಸೀನರಿ ತಂದು, ರಾತ್ರಿಯಿಡೀ 'ಕುರುಕ್ಷೇತ್ರ' ಆಡುವ ರೂಢಿ ತುಮಕೂರು ಜಿಲ್ಲೆಯ ಉದ್ದಗಲಕ್ಕೂ ಇದೆ. ದುರ್ಯೋಧನನ ಪಾರ್ಟಿಗೆ ಹಣ ಕೊಟ್ಟು ಮುಂದೆ ಬರುವವರಿಗೆ ಇಂದಿಗೂ ಬರವಿಲ್ಲ. ಇಲ್ಲಿನ ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತು, ಪದ್ಯವೂ ಬಾಯಿಗೆ ಬರುತ್ತದೆ. ಹಾಗಾಗಿ ಅವರು ನೋಡುವುದು ನಟ ಅದನ್ನು ಹೇಗೆ ದಾಟಿಸುತ್ತಾನೆ ಎಂಬುದನ್ನು. ಅಂಥವರ ಮುಂದೆ ಬೆಳೆದ ನಟನಿಗೆ ಕಥೆಯ ಕುತೂಹಲವನ್ನು ನೆಚ್ಚಿಕೊಂಡು ಬದುಕಲು ಆಗುವುದಿಲ್ಲ.

ನರಸಿಂಹರಾಜು ರಂಗಕ್ಕೆ ಬಂದದ್ದು ನಾಲ್ಕನೆಯ ವಯಸ್ಸಿನಲ್ಲಿ, ಸಿ.ಬಿ. ಮಲ್ಲಪ್ಪನವರ ಕಂಪನಿಯ ಬಾಲನಟನಾಗಿ. ಆ ಕಾಲದ ಕಂಪನಿಗಳಿಗೆ ಮಕ್ಕಳು ಬೇಕೇ ಬೇಕಿತ್ತು. ಪ್ರಹ್ಲಾದ, ಲೋಹಿತಾಶ್ವ, ಮಾರ್ಕಂಡೇಯ, ಬಾಲಕೃಷ್ಣ ಇಲ್ಲದ ಪೌರಾಣಿಕ ನಾಟಕಪಟ್ಟಿಯೇ ಇರಲಿಲ್ಲ. ಕಂಪನಿ ಸೇರಿದ ಹುಡುಗನಿಗೆ ಶಾಲೆ ಅಲ್ಲಿಗೆ ಮುಗಿದಂತೆ. ಬೆಳಿಗ್ಗೆ ಸಂಗೀತ, ಮಧ್ಯಾಹ್ನ ಮಾತಿನ ಪಾಠ, ರಾತ್ರಿ ಬಣ್ಣ. ಊಟ, ನಿದ್ದೆ ಎಲ್ಲವೂ ಕಂಪನಿಯ ಬಿಡಾರದಲ್ಲೇ. ದನಿ ಒಡೆಯುವ ವಯಸ್ಸಿಗೆ ಬಾಲಪಾತ್ರಗಳು ಕೈಬಿಡುತ್ತವೆ. ಕಂಠ ಗಟ್ಟಿಯಿದ್ದವರು ರಾಜಪಾರ್ಟಿಗೆ ಹೋಗುತ್ತಿದ್ದರು, ಮೈಕಟ್ಟು ಇದ್ದವರು ಭೀಮ, ರಾವಣರಾಗುತ್ತಿದ್ದರು. ನರಸಿಂಹರಾಜು ಅವರದು ಕಡ್ಡಿಯಂಥ ಮೈ, ಮುಂದಕ್ಕೆ ಚಾಚಿದ ಹಲ್ಲು, ತೆಳ್ಳಗಿನ ದನಿ. ರಾಜನಾಗಲು ಬಾರದ ಈ ಮೂರನ್ನೇ ಬಂಡವಾಳ ಮಾಡಿಕೊಂಡು ಅವರು ಹಾಸ್ಯಪಾತ್ರಗಳ ಕಡೆಗೆ ಹೊರಳಿದರು.

ಹಲವು ಕಂಪನಿಗಳನ್ನು ಕಂಡ ಅವರಿಗೆ ಹೆಚ್ಚು ಹೆಸರು ತಂದುಕೊಟ್ಟದ್ದು ಹಿರಣ್ಣಯ್ಯ ಮಿತ್ರ ಮಂಡಳಿ ಮತ್ತು ಗುಬ್ಬಿ ಕಂಪನಿ. ಮೊದಲನೆಯದನ್ನು ಕಟ್ಟಿದವರು ಕೆ. ಹಿರಣ್ಣಯ್ಯ, ಮಾಸ್ಟರ್ ಹಿರಣ್ಣಯ್ಯನವರ ತಂದೆ. ಅಲ್ಲಿ ಸಾಮಾಜಿಕ ನಾಟಕಗಳೇ ಹೆಚ್ಚು. ಮಾತೇ ಅಲ್ಲಿನ ಆಯುಧ, ಸಭೆಯ ಮುಖ ನೋಡಿಕೊಂಡು ಮಾತು ಬೆಳೆಸುವುದೇ ಅಲ್ಲಿನ ವಿದ್ಯೆ. ಗುಬ್ಬಿ ಶ್ರೀ ಚೆನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಹುಟ್ಟಿದ್ದು. ವೀರಣ್ಣನವರ ಕೈಗೆ ಬಂದ ಮೇಲೆ ಅದು ಆನೆ, ಕುದುರೆಗಳನ್ನೇ ರಂಗದ ಮೇಲೆ ತರುವಷ್ಟು ಬೆಳೆಯಿತು. ಇಷ್ಟು ದೊಡ್ಡ ಕಂಪನಿಯ ಯಜಮಾನ ಸ್ವತಃ ಹಾಸ್ಯನಟ. 'ಸದಾರಮೆ'ಯ ಕಳ್ಳನ ಪಾತ್ರವನ್ನು ವೀರಣ್ಣ ಎಷ್ಟು ಮೆರೆಸಿದರೆಂದರೆ ಜನ ನಾಯಕನನ್ನು ಬಿಟ್ಟು ಕಳ್ಳನನ್ನು ನೋಡಲು ಬರುತ್ತಿದ್ದರು. ಮಾಲೀಕನೇ ಹಾಸ್ಯಗಾರನಾದ ಕಡೆ ಹಾಸ್ಯಪಾತ್ರ ಎರಡನೆಯ ದರ್ಜೆಯದಾಗುವುದಿಲ್ಲ. ನರಸಿಂಹರಾಜು ಈ ಗೌರವವನ್ನೂ ಅಲ್ಲಿಂದ ಕಲಿತರು ಎನ್ನಬಹುದು.

ಕಂಪನಿ ನಾಟಕದಲ್ಲಿ ಹಾಸ್ಯಗಾರನಿಗೆ ಒಂದು ಪ್ರಾಯೋಗಿಕ ಕೆಲಸವೂ ಇತ್ತು. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕು. ಹಿಂದೆ ಸಿಂಹಾಸನ ಎತ್ತಬೇಕು, ಮರಗಳನ್ನು ನಿಲ್ಲಿಸಬೇಕು, ರಾಣಿ ನಾರುಮಡಿ ಉಟ್ಟುಕೊಳ್ಳಬೇಕು. ಅಷ್ಟು ಹೊತ್ತು ಸಭೆಯನ್ನು ಸುಮ್ಮನೆ ಕೂರಿಸುವಂತಿಲ್ಲ. ಆಗ ಬೀದಿಯ ಚಿತ್ರ ಬರೆದ ಒಂದು ಪರದೆ ಮುಂದೆ ಇಳಿಯುತ್ತದೆ. ಅದಕ್ಕೂ ರಂಗದ ಅಂಚಿಗೂ ನಡುವೆ ಉಳಿಯುವ ಇಕ್ಕಟ್ಟಾದ ಜಾಗದಲ್ಲಿ ಹಾಸ್ಯಗಾರ ಬಂದು ನಿಲ್ಲುತ್ತಾನೆ. ಹಿಂದಿನ ಕೆಲಸ ಐದು ನಿಮಿಷದಲ್ಲಿ ಮುಗಿಯಬಹುದು, ಹದಿನೈದೂ ಹಿಡಿಯಬಹುದು. ಪಕ್ಕದ ಪರದೆಯಿಂದ ಸನ್ನೆ ಬರುವವರೆಗೆ ಮಾತು ಎಳೆಯಬೇಕು, ಸನ್ನೆ ಬಂದ ಕೂಡಲೇ ನಗು ಎಬ್ಬಿಸಿ ಕತ್ತರಿಸಿ ಹೊರಡಬೇಕು. ಕೈಯಲ್ಲಿ ಸಾಮಾನಿಲ್ಲ, ಬೆನ್ನಿಗೆ ಸೀನರಿಯಿಲ್ಲ. ಮೈ, ಮುಖ, ನಾಲಿಗೆ ಇಷ್ಟೇ. ಹಾಸ್ಯನಟನ ಕಾಲಪ್ರಜ್ಞೆ ಎಂದು ಈಗ ವಿಮರ್ಶಕರು ಹೊಗಳುವ ಗುಣ ಹುಟ್ಟಿದ್ದು ಇಂಥ ಒತ್ತಡದಲ್ಲಿ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆದರೂ ಕನ್ನಡ ಚಿತ್ರಗಳ ಸಂಖ್ಯೆ ತೀರಾ ಕಡಿಮೆಯೇ ಇತ್ತು. ಸ್ಟುಡಿಯೋಗಳು ಮದ್ರಾಸಿನಲ್ಲಿ, ನಟರು ಕಂಪನಿಗಳಲ್ಲಿ. ಈ ಎರಡನ್ನೂ ಕೂಡಿಸಿದ ಚಿತ್ರ 1954ರ 'ಬೇಡರ ಕಣ್ಣಪ್ಪ'. ಗುಬ್ಬಿ ಕರ್ನಾಟಕ ಫಿಲಂಸ್ ಹೆಸರಿನಲ್ಲಿ ತಯಾರಾದ ಇದನ್ನು ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದರು. ಕಂಪನಿಯ ಹುಡುಗ ಮುತ್ತುರಾಜ ಇದರಲ್ಲೇ ರಾಜ್‌ಕುಮಾರ್ ಆದದ್ದು. ನರಸಿಂಹರಾಜು ಅರ್ಚಕರ ಮಗ ಕಾಶಿಯಾಗಿ ಬಂದರು. ಆಗ ಅವರಿಗೆ ಮೂವತ್ತು ದಾಟಿತ್ತು. ಹೊಸಬ ಎನ್ನುವುದು ಕ್ಯಾಮರಾದ ಮಟ್ಟಿಗೆ ಮಾತ್ರ ನಿಜ.

ಕಣ್ಣಪ್ಪನ ಕಥೆಯಲ್ಲಿ ಬೇಡನ ಮುಗ್ಧ ಭಕ್ತಿ ಒಂದು ಕಡೆ, ಗುಡಿಯೊಳಗಿನ ಡಾಂಭಿಕತೆ ಇನ್ನೊಂದು ಕಡೆ. ಕಾಶಿಯ ಪಾತ್ರ ಇರುವುದು ಈ ಎರಡನೆಯ ಕಡೆಯಲ್ಲಿ. ಡಾಂಭಿಕತೆಯನ್ನು ಬರೀ ಬೈದು ತೋರಿಸಿದ್ದರೆ ಚಿತ್ರ ಭಾಷಣವಾಗುತ್ತಿತ್ತು. ಅದನ್ನು ನಗೆಗೀಡು ಮಾಡುವ ಕೆಲಸ ಈ ಸಣಕಲು ಹುಡುಗನ ಪಾಲಿಗೆ ಬಂತು. ಅಂದರೆ ಹಾಸ್ಯ ಇಲ್ಲಿ ಕಥೆಯ ಬದಿಗೆ ಅಂಟಿಸಿದ ತುಣುಕಲ್ಲ, ಕಥೆಯ ವಾದದ್ದೇ ಒಂದು ಭಾಗ. ಆ ವರ್ಷದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ಅರ್ಹತಾ ಪತ್ರ ಬಂತು, ಚಿತ್ರಮಂದಿರಗಳಲ್ಲಿ ಜನವೂ ಬಂದರು. ನಾಯಕನಾಗಿ ರಾಜ್‌ಕುಮಾರ್, ಹಾಸ್ಯನಟನಾಗಿ ನರಸಿಂಹರಾಜು, ಇಬ್ಬರ ಪಯಣವೂ ಒಂದೇ ಚಿತ್ರದಿಂದ ಶುರುವಾಯಿತು.

ಆದರೂ ಒಂದು ಚಿತ್ರ ಗೆದ್ದ ಮಾತ್ರಕ್ಕೆ ಕೈತುಂಬ ಕೆಲಸ ಸಿಗುವ ಕಾಲ ಅದಲ್ಲ. ಕನ್ನಡ ಚಿತ್ರಗಳೇ ವಿರಳ. ಇದ್ದ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳದೇ ಮೇಲುಗೈ. ಮದ್ರಾಸಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಕನ್ನಡ ನಟರಿಗೆ ಚಿತ್ರೀಕರಣಕ್ಕಿಂತ ಬಿಡುವೇ ಹೆಚ್ಚು. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು ಮತ್ತೆ ಬಣ್ಣದ ಪೆಟ್ಟಿಗೆ ತೆಗೆದರು. 'ಬೇಡರ ಕಣ್ಣಪ್ಪ'ದಂಥ ನಾಟಕಗಳನ್ನು ಊರೂರಿಗೆ ಒಯ್ದರು. ತೆರೆಯ ಮೇಲೆ ಕಂಡ ಮುಖಗಳು ಎದುರಿಗೇ ಬಂದು ನಿಂತಾಗ ಜನ ಮುಗಿಬಿದ್ದರು. ಇದೇ ಸಂಘ ನಿರ್ಮಿಸಿದ ಚಿತ್ರ 1960ರ 'ರಣಧೀರ ಕಂಠೀರವ'. 17ನೆಯ ಶತಮಾನದಲ್ಲಿ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಥೆ. ಬರೆದವರು ಅಯ್ಯರ್, ನಿರ್ದೇಶಿಸಿದವರು ಎನ್.ಸಿ. ರಾಜನ್. ಚಿತ್ರ ಗೆದ್ದಿತು. ಕನ್ನಡ ರಾಜ್ಯ ಒಂದಾಗಿ ಇನ್ನೂ ನಾಲ್ಕು ವರ್ಷ ಆಗಿತ್ತಷ್ಟೇ. ಕನ್ನಡದ ರಾಜನೊಬ್ಬನನ್ನು ಕನ್ನಡದ ನಟರೇ ಸೇರಿ ತೆರೆಗೆ ತಂದರು ಎಂಬ ಅಭಿಮಾನವೂ ಗೆಲುವಿಗೆ ಕೂಡಿಬಂತು. ನರಸಿಂಹರಾಜು ಅವರನ್ನು ಬರೀ ನಗಿಸುವವರೆಂದು ಬರೆಯುವಾಗ ಈ ಅಧ್ಯಾಯ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಕನ್ನಡ ಸಿನಿಮಾ ತನ್ನ ಕಾಲ ಮೇಲೆ ನಿಲ್ಲಲು ದುಡಿದ ನಾಲ್ವರಲ್ಲಿ ಅವರೊಬ್ಬರು.

1960ರ ದಶಕ ಪೂರ್ತಿ ಅವರದೇ. ಪೌರಾಣಿಕದಲ್ಲಿ ಋಷಿಯ ಶಿಷ್ಯ, ಜಾನಪದ ಚಿತ್ರಗಳಲ್ಲಿ ರಾಜಕುಮಾರನ ಗೆಳೆಯ, ಸಾಮಾಜಿಕದಲ್ಲಿ ಮನೆಯ ಆಳು ಅಥವಾ ಅಳಿಯ, ಪತ್ತೇದಾರಿ ಚಿತ್ರದಲ್ಲಿ ಪತ್ತೇದಾರನ ಬಾಲ: ಎಲ್ಲ ಬಗೆಯ ಚಿತ್ರಕ್ಕೂ ಅವರು ಬೇಕಾದರು. ಹಂಚಿಕೆದಾರರು ಚಿತ್ರ ಕೊಳ್ಳುವ ಮೊದಲು ನರಸಿಂಹರಾಜು ಇದ್ದಾರೆಯೇ ಎಂದು ವಿಚಾರಿಸುತ್ತಿದ್ದರೆಂಬ ಮಾತು ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ನಟಿಯರಾದ ಬಿ. ಜಯಾ, ರಮಾದೇವಿ ಅವರೊಂದಿಗಿನ ಜೋಡಿ ದೃಶ್ಯಗಳಿಗೆ ಬೇರೆಯದೇ ಅಭಿಮಾನಿಗಳಿದ್ದರು. ಬಾಲಕೃಷ್ಣ ಅವರೊಂದಿಗಿನ ಜೋಡಿಯ ಮಾತೇ ಬೇರೆ. ಕಿವಿ ಸರಿಯಾಗಿ ಕೇಳಿಸದ ಬಾಲಕೃಷ್ಣ ಎದುರಿನವರ ತುಟಿ, ಕಣ್ಣುಗಳ ಚಲನೆ ಹಿಡಿದು ಮಾತಿಗೆ ಮಾತು ಜೋಡಿಸುತ್ತಿದ್ದರು. ಒಬ್ಬರು ಕುತಂತ್ರಿ, ಒಬ್ಬರು ಪೆಚ್ಚು. ಒಬ್ಬರು ಹೂಡಿದ ಸಂಚು ಇನ್ನೊಬ್ಬರ ಪೆದ್ದುತನದಿಂದ ಮುರಿದುಬೀಳುವುದು. ವರ್ಷಗಟ್ಟಲೆ ರಂಗದ ಮೇಲೆ ಪಳಗಿದವರಿಗೆ ಮಾತ್ರ ದಕ್ಕುವ ಹೊಂದಾಣಿಕೆ ಅದು.

ಒಂದು ಪಾತ್ರವನ್ನಾದರೂ ಹತ್ತಿರದಿಂದ ನೋಡಬೇಕು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ; ನಿರ್ದೇಶನ ಹುಣಸೂರು ಕೃಷ್ಣಮೂರ್ತಿ ಅವರದು. ನರಸಿಂಹರಾಜು ಮಾಡಿದ್ದು ನಕ್ಷತ್ರಿಕನನ್ನು. ರಾಜ್ಯ ಕಳೆದುಕೊಂಡ ದೊರೆ ಹೆಂಡತಿ ಮಗನೊಂದಿಗೆ ಕಾಡು ಹಿಡಿದು ಹೊರಟಾಗ, ಮುನಿಯ ಸಾಲ ವಸೂಲಿಗೆಂದು ಬೆನ್ನುಬೀಳುವ ಶಿಷ್ಯನೀತ. ಕಥೆ ಪೂರ್ತಿ ಕಣ್ಣೀರಿನದು. ನೋಡುವವರ ಕರುಳು ಹಿಂಡುವ ಹೊತ್ತಿನಲ್ಲೇ ಈತನಿಗೆ ಹಸಿವಾಗುತ್ತದೆ, ಕಾಲು ನೋಯುತ್ತದೆ, ಇನ್ನು ನಡೆಯಲಾರೆ ಎಂದು ಕೂರುತ್ತಾನೆ, ಸಾಲದ ಮಾತು ತೆಗೆಯುತ್ತಾನೆ. ಊರ ಕಡೆ ಬಿಡದೆ ಕಾಡುವ ಸಾಲಗಾರನನ್ನು ನಕ್ಷತ್ರಿಕ ಎಂದು ಕರೆಯುವುದೂ ಇದರಿಂದಲೇ.

ಈ ಪಾತ್ರದ ಕಷ್ಟ ಇರುವುದು ಅಳತೆಯಲ್ಲಿ. ಕಾಟ ಕಡಿಮೆಯಾದರೆ ಹರಿಶ್ಚಂದ್ರನ ತಾಳ್ಮೆಗೆ ಬೆಲೆಯಿಲ್ಲ. ಹೆಚ್ಚಾದರೆ ನಗು ಸತ್ತು ಸಭೆಗೆ ಸಿಟ್ಟು ಬರುತ್ತದೆ. ನರಸಿಂಹರಾಜು ಕಾಟವನ್ನು ಕ್ರೌರ್ಯವಾಗಿ ಆಡಲಿಲ್ಲ, ಹಟಮಾರಿ ಮಗುವಿನ ರಗಳೆಯಾಗಿ ಆಡಿದರು. ದಣಿದ ದೊರೆಗಿಂತ ತಾನೇ ಹೆಚ್ಚು ದಣಿದವನೆಂಬ ಭಾವ ಮುಖದ ಮೇಲೆ, ಕೊಡಬೇಕಾದ್ದು ಕೊಟ್ಟುಬಿಡು ನಾನೂ ಹೋಗುತ್ತೇನೆ ಎನ್ನುವ ಬೇಸರ ದನಿಯಲ್ಲಿ. ಪ್ರೇಕ್ಷಕ ಅವನನ್ನು ನೋಡಿ ನಗುತ್ತಾನೆ, ನಕ್ಕಿದ್ದಕ್ಕೆ ಮರುಕ್ಷಣವೇ ನಾಚುತ್ತಾನೆ, ದೊರೆಯ ಸ್ಥಿತಿ ಅಷ್ಟರಮಟ್ಟಿಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಹಾಸ್ಯಪಾತ್ರ ಶೋಕಕ್ಕೆ ಒತ್ತಾಸೆಯಾಗುವ ಈ ಬಗೆ ಕನ್ನಡ ತೆರೆಯ ಮೇಲೆ ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣಸಿಗದು. ಬಣ್ಣ ತುಂಬಿದ ಪ್ರತಿ 2008ರಲ್ಲಿ ಮತ್ತೆ ಬಿಡುಗಡೆಯಾದಾಗ ಹೊಸ ತಲೆಮಾರು ನಕ್ಕದ್ದೂ ಇದೇ ದೃಶ್ಯಗಳಿಗೆ.

ಅವರ ಹಾಸ್ಯಕ್ಕೆ ದ್ವಂದ್ವಾರ್ಥದ ಹಂಗು ಇರಲಿಲ್ಲ. ಮಾತಿಗೆ ಮೊದಲು ಮೈ ನಗಿಸುತ್ತಿತ್ತು: ಹೆದರಿದಾಗ ಮುದುರುವ ಹೆಗಲು, ಸುಳ್ಳು ಹೇಳುವಾಗ ಅತ್ತಿತ್ತ ಓಡುವ ಕಣ್ಣು, ಬಾಯಿ ಮುಚ್ಚಿಕೊಂಡಷ್ಟೂ ಹೊರಗಿಣುಕುವ ಹಲ್ಲು. 'ಕನ್ನಡದ ಚಾಪ್ಲಿನ್' ಎಂದು ಜನ ಕರೆದರು, 'ಹಾಸ್ಯ ಚಕ್ರವರ್ತಿ' ಎಂದೂ ಕರೆದರು. ಮೊದಲ ಬಿರುದು ಮೆಚ್ಚುಗೆಯದು, ನಿಜ. ಆದರೆ ಅಷ್ಟು ಹೊಂದುವುದಿಲ್ಲ. ಚಾಪ್ಲಿನ್ ತನ್ನ ಚಿತ್ರಗಳನ್ನು ತಾನೇ ಬರೆದು, ನಿರ್ದೇಶಿಸಿ, ನಾಯಕನಾಗಿ ನಿಂತವನು. ನರಸಿಂಹರಾಜು ಬೇರೆಯವರ ಕಥೆಯಲ್ಲಿ, ಬೇರೆಯವರು ನಾಯಕರಾದ ಚಿತ್ರದಲ್ಲಿ, ತಮ್ಮ ಪಾಲಿನ ಹತ್ತು ಹದಿನೈದು ನಿಮಿಷವನ್ನು ಗೆಲ್ಲಬೇಕಿತ್ತು. ಅದು ಬೇರೆಯೇ ಬಗೆಯ ಕೌಶಲ.

ಹೋಲಿಕೆ ಬೇಕೆಂದರೆ ಅಮೆರಿಕದ ಹಾಸ್ಯನಟರ ದಾರಿಯನ್ನು ನೋಡಬಹುದು. ಅಲ್ಲಿ ವಾಡೆವಿಲ್ ಎಂಬ ಊರೂರು ಸುತ್ತುವ ರಂಗಪ್ರದರ್ಶನಗಳಲ್ಲಿ ಪಳಗಿದ ಜಾಕ್ ಬೆನ್ನಿಯಂಥವರು 1930ರ ದಶಕದಲ್ಲಿ ರೇಡಿಯೋಕ್ಕೆ ಬಂದರು. ಮೈ ಕಾಣಿಸದ ಆ ಮಾಧ್ಯಮ ದನಿ, ವಿರಾಮ, ಮೌನಗಳಿಂದಲೇ ನಗಿಸುವುದನ್ನು ಕಲಿಸಿತು; ಅಲ್ಲಿ ಗಳಿಸಿದ ಹೆಸರು ಅವರನ್ನು ಸಿನಿಮಾ, ಟಿವಿಗಳವರೆಗೂ ಒಯ್ದಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲೇ ಬಾನುಲಿ ಕೇಂದ್ರ ತೆರೆದರೂ ಕನ್ನಡದಲ್ಲಿ ಹಾಸ್ಯನಟನಿಗೆ ಮನೆಮಾತಾಗುವಷ್ಟು ಹೆಸರು ತಂದುಕೊಡುತ್ತಿದ್ದದ್ದು ಕಂಪನಿ ನಾಟಕವೇ. ರೇಡಿಯೋದ ಪಾಲು ಬಂದದ್ದು ಆಮೇಲೆ, ಚಿತ್ರಗೀತೆಗಳ ಮೂಲಕ. 1957ರಲ್ಲಿ ಶುರುವಾದ ವಿವಿಧ ಭಾರತಿ ಮತ್ತು ಅಗ್ಗದ ಟ್ರಾನ್ಸಿಸ್ಟರ್‌ಗಳು ಸಿನಿಮಾ ಹಾಡನ್ನು ತೋಟದ ಮನೆಗಳವರೆಗೂ ತಂದವು. ಹಾಸ್ಯಗೀತೆ ಕೇಳಿಬಂದರೆ ಹಾಡುತ್ತಿದ್ದವರು ಪೀಠಾಪುರಂ ನಾಗೇಶ್ವರರಾವ್ ಅವರೇ ಇರಲಿ, ಕೇಳುಗರ ಕಣ್ಣ ಮುಂದೆ ಕುಣಿಯುತ್ತಿದ್ದದ್ದು ನರಸಿಂಹರಾಜು.

1960ರ ದಶಕದ ಕೊನೆಯ ಹೊತ್ತಿಗೆ ಚಿತ್ರಗಳ ರೀತಿಯೇ ಬದಲಾಯಿತು. 1968ರ 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರಗಳಲ್ಲಿ ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದರು. ನಲವತ್ತೈದರ ನರಸಿಂಹರಾಜು ಅಲ್ಲಿಯೂ ಜೊತೆಗಿದ್ದರು. 1970ರಲ್ಲಿ ಬಿ.ಆರ್. ಪಂತುಲು ಅವರ 'ಶ್ರೀಕೃಷ್ಣದೇವರಾಯ'ದಲ್ಲಿ ತೆನಾಲಿ ರಾಮಕೃಷ್ಣನಾದರು. ಬೆಪ್ಪನ ಪಾತ್ರಗಳಲ್ಲಿ ಗೆದ್ದ ನಟನಿಗೆ ಬುದ್ಧಿವಂತನ ಪಾತ್ರವೂ ಸಲೀಸು ಎಂಬುದಕ್ಕೆ ಅದು ಸಾಕ್ಷಿ. ಅಷ್ಟರಲ್ಲಿ ಇನ್ನೊಬ್ಬ ಹಾಸ್ಯನಟ ದ್ವಾರಕೀಶ್ ಬಂದಿದ್ದರು. ಅವರು ಕಂಪನಿಯ ಗರಡಿಯವರಲ್ಲ, ಅವರ ವೇಗ ಬೇರೆ, ನಿರ್ಮಾಪಕರೂ ಆದ್ದರಿಂದ ತಮಗೆ ಬೇಕಾದ ಪಾತ್ರವನ್ನು ತಾವೇ ಹೊಲಿಸಿಕೊಳ್ಳಬಲ್ಲವರು. ಪೌರಾಣಿಕ, ಜಾನಪದ ಚಿತ್ರಗಳು ಕಡಿಮೆಯಾದಂತೆ ಋಷಿಯ ಶಿಷ್ಯನಿಗೂ ರಾಜಕುಮಾರನ ಗೆಳೆಯನಿಗೂ ಕೆಲಸವಿಲ್ಲದಾಯಿತು. ಕಾದಂಬರಿ ಆಧಾರಿತ ಚಿತ್ರಗಳಲ್ಲಿ ಹಾಸ್ಯಕ್ಕೆ ಅಂಥ ಜಾಗವೂ ಇರಲಿಲ್ಲ.

1974ರಲ್ಲಿ ಅವರು ಸ್ವತಃ ನಿರ್ಮಾಪಕರಾಗಿ 'ಪ್ರೊಫೆಸರ್ ಹುಚ್ಚುರಾಯ' ತಂದರು. ಮುಖ್ಯಪಾತ್ರ ಅವರದೇ, ಜೊತೆಗೆ ಲೀಲಾವತಿ. ಇಪ್ಪತ್ತು ವರ್ಷ ನಾಯಕನ ಪಕ್ಕದಲ್ಲಿ ನಿಂತ ನಟ ನಡುವಿಗೆ ಬಂದು ನಿಂತ ಚಿತ್ರ ಅದು. ನಗಿಸುವ ಹೊಣೆಯ ಜೊತೆಗೆ ಕಥೆಯನ್ನು ಹೊರುವ ಹೊಣೆಯೂ ಇದ್ದುದರಿಂದ ಅವರ ಅಭಿನಯದ ಗಂಭೀರ ಮುಖವನ್ನು ನೋಡಬೇಕೆನ್ನುವವರು ಹುಡುಕಬೇಕಾದ ಚಿತ್ರವೂ ಇದೇ.

1979ರ ಜುಲೈ ತಿಂಗಳಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಇನ್ನೂ ಅರವತ್ತು ಮುಟ್ಟಿರಲಿಲ್ಲ. ಜೋಡಿಯ ಬಾಲಕೃಷ್ಣ 1995ರವರೆಗೆ ಬದುಕಿದ್ದು ಕೊನೆಯವರೆಗೂ ನಟಿಸಿದರು. ನರಸಿಂಹರಾಜು ಅವರ ಮಗಳು ಸುಧಾ ನರಸಿಂಹರಾಜು ರಂಗಭೂಮಿ, ಕಿರುತೆರೆ, ಸಿನಿಮಾ ಮೂರರಲ್ಲೂ ಕಲಾವಿದೆ, ಮೊಮ್ಮಗ ಎಸ್.ಡಿ. ಅರವಿಂದ್ 'ಜುಗಾರಿ', 'ಲಾಸ್ಟ್ ಬಸ್' ಚಿತ್ರಗಳ ನಿರ್ದೇಶಕ.